ಮೇಷ್ಟ್ರು ಸಾರಿದ್ದು, ಅತ್ತೆ ಮಾಡಿದ್ದು

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಆ ದಿನ ಕಷ್ಟವಾದದ್ದು ಒಳ್ಳೆಯದನ್ನು ಆಡುವುದಕ್ಕೆ. ಬ್ರೇಕ್ ಮೇಷ್ಟ್ರು ಹಳೆಯ ಗೆಳೆಯನ ಮಣ್ಣಿಗೆ ಹೋಗಿ ಬಂದವರು, ಬೂಟು ಕೂಡ ಬಿಚ್ಚದೆ ಕುರ್ಚಿಯಲ್ಲಿ ಕುಸಿದು, ಎದುರಿಗಿದ್ದ ಟೀವಿಯನ್ನು ಅದೇ ಕೊಲೆ ಮಾಡಿದೆ ಎಂಬಂತೆ ದಿಟ್ಟಿಸುತ್ತಿದ್ದರು.

"ಏನಂದ್ರು ಜನ?" ಹೆಂಡತಿ ಕೇಳಿದರು.

"ಟೀವಿ ನೋಡ್ತಿದ್ದ ಅಂದ್ರು."

"ಅಷ್ಟೇನಾ?"

"ಸೌಂಡ್ ಕಮ್ಮಿ ಇಟ್ಕೊಂಡು ನೋಡ್ತಿದ್ದ, ನಮಗೇನೂ ತೊಂದ್ರೆ ಆಗ್ಲಿಲ್ಲ ಅಂದ ಪಕ್ಕದ ಮನೆಯವನು. ಅದೇ ದೊಡ್ಡ ಹೊಗಳಿಕೆ."

ಒಣಗಿದ ಬಟ್ಟೆ ಮಡಿಸುತ್ತಿದ್ದ ಸೊಸೆಗೆ ನಗು ಬಂತು. ನಗುವ ಹೊತ್ತಲ್ಲವೆಂದು ಒಂದು ಟವೆಲನ್ನು ಮುಖಕ್ಕೆ ಅಡ್ಡ ಹಿಡಿದು ಮಡಿಸಿದಳು.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದವರು. ಕಲಿಯುವವರ ಪಕ್ಕ ಕೂತು, ಅವರು ತಪ್ಪು ಮಾಡುವುದಕ್ಕೆ ಮೊದಲೇ ತಮ್ಮ ಕಾಲ ಕೆಳಗಿನ ಇನ್ನೊಂದು ಬ್ರೇಕು ತುಳಿದೂ ತುಳಿದೂ ಆ ಹೆಸರು ಬಂದಿತ್ತು. ನಿವೃತ್ತರಾದ ಮೇಲೂ ಮನೆಯಲ್ಲಿ ಯಾರಾದರೂ ಸ್ವಲ್ಪ ಜೋರಾಗಿ ನಡೆದರೆ ಅವರ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ಅಂಥವರು ಆ ಸಂಜೆ ಊಟದ ಮೇಜಿನಲ್ಲಿ ಚಮಚದಿಂದ ಲೋಟ ಬಾರಿಸಿ ಸಾರಿದರು: "ನಾಳೆಯಿಂದ ಈ ಮನೇಲಿ ನಿಯಮ."

"ಯಾತರ ನಿಯಮ?" ಎಂದರು ಅತ್ತೆ, ಅಂದರೆ ಮೇಷ್ಟ್ರ ಹೆಂಡತಿ.

"ಬದುಕೋ ನಿಯಮ. ಹೋದ್ಮೇಲೆ ಜನ ಹೇಳೋಕೆ ಒಂದು ಒಳ್ಳೆ ಮಾತಾದ್ರೂ ಇರ್ಬೇಕು. ವಾರಕ್ಕೊಂದೇ ನಿಯಮ. ಮೊದಲನೇ ದಿನಾನೇ ಯಾರ ಕೈಗೂ ನಾನು ಗೇರು ಕೊಟ್ಟೋನಲ್ಲ."

"ನಿಯಮ ಅಂತೆ! ಬಿಡಿಸಿ ಹೇಳಿದ್ರೆ 'ನೀ ಯಮ' ಅಂತಾಗುತ್ತೆ ಅಷ್ಟೇ."

"ಅಜ್ಜಿ, ಸೂಪರ್!" ಎಂದಳು ಮೊಮ್ಮಗಳು. ಕಾಲೇಜು ಮೆಟ್ಟಿಲು ಹತ್ತುವುದಕ್ಕೆ ಮೊದಲೇ ಎಲ್ಲದಕ್ಕೂ ವಾದ ಹೂಡುತ್ತಿದ್ದ ಅವಳನ್ನು ಮನೆಯಲ್ಲಿ ಕರೆಯುತ್ತಿದ್ದದ್ದೇ ವಕೀಲಮ್ಮ ಎಂದು. ಅವಳ ಅಪ್ಪ, ಅಂದರೆ ಮೇಷ್ಟ್ರ ಮಗ, ಲಿಫ್ಟ್ ರಿಪೇರಿ ಮಾಡುವವನು. ಹೊರಗೆ ಇಡೀ ಊರನ್ನು ಎತ್ತುತ್ತಿದ್ದವನು ಮನೆಯಲ್ಲಿ ಮಾತ್ರ ಯಾವುದನ್ನೂ ಎತ್ತುತ್ತಿರಲಿಲ್ಲ, ತಟ್ಟೆಯನ್ನೂ ಇಲ್ಲ, ಮಾತನ್ನೂ ಇಲ್ಲ.

ನೀರು ಸರಬರಾಜು ಆಫೀಸಿನ ದೂರು ವಿಭಾಗದಲ್ಲಿ ಸೊಸೆಯ ಕೆಲಸ. ಕಿವಿಗೆ ಫೋನು ಸಿಕ್ಕಿಸಿಕೊಂಡು ಬೆಳಗಿನಿಂದ ಸಂಜೆವರೆಗೆ ಊರವರ ಕೈಲಿ ಬೈಸಿಕೊಂಡು, "ಇನ್ನೇನು ಬಂದ್ಬಿಡುತ್ತೆ ಸರ್, ಹುಡುಗರು ಅಲ್ಲೇ ಪೈಪ್ ಹತ್ರಾನೇ ಇದಾರೆ" ಎಂದು ಇಲ್ಲದ ಹುಡುಗರನ್ನು ಇಲ್ಲದ ಪೈಪಿನ ಹತ್ತಿರ ನಿಲ್ಲಿಸುವುದು. ಅಲ್ಲಿ ದೂರು ದೂರದಿಂದ ಬರುತ್ತಿತ್ತು. ಮನೆಗೆ ಬಂದರೆ ಹತ್ತಿರದಿಂದ.

ಮೊದಲನೆಯ ವಾರದ ನಿಯಮ, ಸೂರ್ಯನಿಗಿಂತ ಮುಂಚೆ ಏಳುವುದು. ಎದ್ದು ತಾರಸಿಯ ಮೇಲೆ ಸಾಲಾಗಿ ನಿಂತು ಕೈಕಾಲು ಆಡಿಸುವುದು. ಬೇಗ ಎದ್ದವರಿಗೆ ಬೇಗ ಕಾಫಿ ಬೇಕಾಯಿತು, ಬೇಗ ಹಸಿವಾಯಿತು, ಬೇಗ ಸಿಟ್ಟೂ ಬಂತು. ಇವೆಲ್ಲ ಬೇಗಬೇಗನೆ ಬಂದು ನಿಲ್ಲುತ್ತಿದ್ದದ್ದು ಸೊಸೆಯ ಮುಂದೆ. ಅವಳು ಮೊದಲು ಸೂರ್ಯನ ಜೊತೆ ಏಳುತ್ತಿದ್ದಳು. ಈಗ ಸೂರ್ಯನಿಗಿಂತ ಮುಂಚೆ ಏಳುವವರಿಗಿಂತ ಮುಂಚೆ ಏಳಬೇಕಾಯಿತು.

"ಶಿಸ್ತು ಬಂದ್ರೆ ಮನೆ ಹೆಂಗಾಗುತ್ತೆ ನೋಡ್ತಾ ಇರು," ಎಂದರು ಮೇಷ್ಟ್ರು, ಎರಡನೆಯ ಕಾಫಿ ಕೈಗೆ ತೆಗೆದುಕೊಳ್ಳುತ್ತ.

"ಸುಸ್ತಾಗುತ್ತೆ ತಾತ," ಎಂದಳು ವಕೀಲಮ್ಮ, ಸೋಫಾದ ಮೇಲೆ ಮತ್ತೆ ಮಲಗಿದ್ದವಳು. "ಶಿಸ್ತಿಗೂ ಸುಸ್ತಿಗೂ ಒಂದೇ ಒಂದು ಕೊಂಬು ವ್ಯತ್ಯಾಸ."

"ಕೊಂಬು ನಿನಗೆ ಬಂದಿದೆ. ಏಳೇ ಮೇಲೆ!"

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯಿದೆ. ಆ ಮನೆಯಲ್ಲಿ ಅತ್ತೆಗೂ ಕಾಲು ನೋವು, ಸೊಸೆಗೂ ಕಾಲು ನೋವು. ಆದ್ದರಿಂದ ಇಬ್ಬರ ನಡುವೆ ಒಂದು ಒಪ್ಪಂದವಿತ್ತು. ಸಂಜೆಯ ಅಡುಗೆ ಪೂರ್ತಿ ಅತ್ತೆಯದು. ಸೊಸೆ ಬಂದು ಬಡಿಸುವುದು, ತೊಳೆಯುವುದು. ಇದು ಬಾಯಿಬಿಟ್ಟು ಆಡಿಕೊಂಡ ಒಪ್ಪಂದ. ಇದರ ಕೆಳಗೆ ಇನ್ನೊಂದಿತ್ತು. ಅದು ಸೊಸೆ ತನ್ನೊಬ್ಬಳ ಜೊತೆಗೇ ಮಾಡಿಕೊಂಡದ್ದು.

ಕೆಲವು ತಿಂಗಳ ಹಿಂದೆ ಅತ್ತೆಗೆ ಒಂದು ಕೆಟ್ಟ ಜ್ವರ ಬಂದಿತ್ತು. ಜ್ವರ ಹೋಗುವಾಗ ಅವರ ವಾಸನೆಯನ್ನೂ ರುಚಿಯನ್ನೂ ಕಟ್ಟಿಕೊಂಡು ಹೋಯಿತು. ಮೂಗಿಗೆ ಏನೂ ತಿಳಿಯುತ್ತಿರಲಿಲ್ಲ, ಇನ್ನೊಬ್ಬರ ವಿಷಯಕ್ಕೆ ತೂರುವುದೊಂದನ್ನು ಬಿಟ್ಟು. ಹೋದದ್ದು ಹೋಯಿತು ಎಂದು ಅತ್ತೆ ಒಪ್ಪಿಕೊಳ್ಳಲಿಲ್ಲ. ಸಾರು ಕುದಿಯುವಾಗ ಸೌಟಿನ ತುದಿಯಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕುವರು, ಸಪ್ಪೆಯೆನಿಸುವುದು, ಒಂದು ಹಿಡಿ ಹಾಕುವರು. ಮತ್ತೆ ನೆಕ್ಕುವರು, ಮತ್ತೂ ಸಪ್ಪೆ. "ಈಗಿನ ಉಪ್ಪಲ್ಲಿ ಉಪ್ಪೇ ಇಲ್ಲ ಕಣೇ, ಎಲ್ಲಾ ಮೋಸ" ಎಂದು ಅಂಗಡಿಯವನನ್ನು ಶಪಿಸಿ ಇನ್ನೊಂದು ಹಿಡಿ.

ಮೇಷ್ಟ್ರಿಗೆ ರಕ್ತದೊತ್ತಡ. ಉಪ್ಪು ಕಡಿಮೆ ಮಾಡಬೇಕೆಂದು ಡಾಕ್ಟರು ಯಾವಾಗಲೋ ಹೇಳಿದ್ದರು.

ಮೊದಲನೆಯ ಸಲ ಆ ಸಾರು ಬಾಯಿಗಿಟ್ಟಾಗ ಸೊಸೆಗೆ ಎಲ್ಲ ಗೊತ್ತಾಯಿತು. ಹೇಳಬೇಕೆಂದು ಬಾಯಿ ತೆರೆದಳು. ಆಗ ಅವಳ ಕಣ್ಣ ಮುಂದೆ ಬಂದದ್ದು ಅತ್ತೆಯ ಮುಖವಲ್ಲ. ಸಂಜೆ ಆಫೀಸಿನಿಂದ ಬಂದು ಒಲೆಯ ಮುಂದೆ ನಿಂತ ತನ್ನದೇ ಬೆನ್ನು. ಬಾಯಿ ಮುಚ್ಚಿದಳು. ಅಂದಿನಿಂದ ರಜೆಯ ದಿನ ಒಂದಷ್ಟು ಬೇಳೆಯನ್ನು ಉಪ್ಪು ಹಾಕದೆ ಬೇಯಿಸಿ ಫ್ರಿಜ್ಜಿನ ಹಿಂಭಾಗದಲ್ಲಿ ಬಚ್ಚಿಡತೊಡಗಿದಳು. ಅತ್ತೆ ಅಡುಗೆ ಮುಗಿಸಿ ಮುಖ ತೊಳೆಯಲು ಹೋದ ಹೊತ್ತಿನಲ್ಲಿ ಅರ್ಧ ಸಾರನ್ನು ಸಿಂಕಿಗೆ ಸುರಿದು, ಆ ಸಪ್ಪೆ ಬೇಳೆಯನ್ನೂ ಬಿಸಿನೀರನ್ನೂ ಬೆರೆಸಿ, ಒಂದು ಕುದಿ ಬರಿಸಿ ಮುಚ್ಚಿಡುವಳು. ಊಟಕ್ಕೆ ಕೂತ ಮೇಷ್ಟ್ರು ಮೊದಲ ತುತ್ತಿಗೆ "ಚೆನ್ನಾಗಿದೆ" ಅನ್ನುವರು. ಮದುವೆಯಾದ ದಿನದಿಂದ ಅವರು ಹಾಗೆ ಅನ್ನುತ್ತ ಬಂದವರು. ಅತ್ತೆ ಮುಖವರಳಿಸಿ, "ಕೈರುಚಿ ಅಂದ್ರೆ ಕಲಿತು ಬರೋದಲ್ಲ" ಎಂದು ಸೊಸೆಯ ಕಡೆ ನೋಡುವರು. ಸೊಸೆ ಆ ನೋಟವನ್ನೂ ಅನ್ನಕ್ಕೆ ಕಲಸಿಕೊಂಡು ಉಣ್ಣುವಳು.

ಎರಡನೆಯ ವಾರದ ನಿಯಮ ಕೇಳಿ ಅವಳಿಗೆ ಮೊದಲು ಖುಷಿಯೇ ಆಯಿತು.

"ಅಪಘಾತ ಯಾಕಾಗುತ್ತೆ?" ಮೇಷ್ಟ್ರು ಕೇಳಿದರು.

"ನೀವು ಪಾಠ ಮಾಡೋಕೆ ಶುರು ಮಾಡಿದಾಗ," ಎಂದರು ಅತ್ತೆ.

"ಲೇನ್ ಬಿಟ್ಟು ನುಗ್ಗಿದಾಗ! ಮನೇಲಿ ಜಗಳಾನೂ ಅದಕ್ಕೇ. ಇನ್ಮೇಲೆ ಅವರವರ ಲೇನ್ ಅವರವರಿಗೆ. ಅಡುಗೆ ನಿಮ್ಮತ್ತೇದು, ಅದಕ್ಕೆ ಯಾರೂ ಕೈ ಹಾಕಂಗಿಲ್ಲ. ಪಾತ್ರೆ ನಿನ್ನದಮ್ಮ. ಕಸ ಗುಡಿಸೋದು ವಕೀಲಮ್ಮಂದು. ಕಸ ಹೊರಗೆ ಹಾಕೋದು, ಬಟ್ಟೆ ಮೆಷಿನ್ನು ನಮ್ಮ ರಾಯರದ್ದು."

ಬಟ್ಟೆ ಕೈಬಿಟ್ಟು ಹೋಯಿತಲ್ಲ ಎಂದು ಸೊಸೆಯ ಹೆಗಲು ಎಷ್ಟೋ ವರ್ಷದ ಮೇಲೆ ಒಂದಿಷ್ಟು ಇಳಿಯಿತು. ಗಂಡ ಮಾತ್ರ ಮೆಷಿನ್ನಿನ ಕಡೆ ಹೊಸ ಮಾದರಿಯ ಲಿಫ್ಟನ್ನು ನೋಡುವಂತೆ ನೋಡಿದ.

"ತಾತ, ನಿಮ್ಮ ಲೇನ್ ಯಾವ್ದು?"

"ನಾನು ಸಿಗ್ನಲ್ಲು."

"ಕಟ್ಟುಪಾಡು ಅಂದ್ರೆ ಇದೇ. ಕಟ್ಟು ತಾತಂದು, ಪಾಡು ನಮ್ದು."

ಮರುದಿನ ಸಂಜೆ ಸೊಸೆ ಮನೆಗೆ ಬಂದಾಗ ಸಿಗ್ನಲ್ಲು ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂತಿತ್ತು. ಅತ್ತೆ ಮುಖ ತೊಳೆಯಲು ಹೋಗಿದ್ದರು. ಒಲೆಯ ಮೇಲೆ ಸಾರು.

"ಒಂಚೂರು ಒಳಗೆ ಹೋಗ್ಬೇಕಿತ್ತು ಮಾವ."

"ಯಾಕೆ?"

"ನೀರು ಕುಡಿಯೋಕೆ."

"ನೀರು ಮೇಜಿನ ಮೇಲಿದೆ. ನಿಮ್ಮಾಫೀಸಿನ ಥರ ಅಲ್ಲ, ನಮ್ಮನೇಲಿ ನೀರು ಬರುತ್ತೆ." ತಮ್ಮ ಜೋಕಿಗೆ ತಾವೇ ನಕ್ಕು, "ನಿನ್ನ ಲೇನು ಪಾತ್ರೆ. ಊಟ ಆದ್ಮೇಲೆ ಹಸಿರು ದೀಪ," ಎಂದರು.

ಆ ದಿನ ಸಾರು ಹೇಗಿತ್ತೋ ಹಾಗೇ ಮೇಜಿಗೆ ಬಂತು. ಮೇಷ್ಟ್ರು ಮೊದಲ ತುತ್ತು ಬಾಯಿಗಿಟ್ಟರು. ದವಡೆ ನಿಂತಿತು. ಮೇಜಿನ ಕೆಳಗೆ ಬಲಗಾಲು ಟಪ್ಪೆಂದು ನೆಲವನ್ನು ಒತ್ತಿದ ಸದ್ದು ಸೊಸೆಗೆ ಕೇಳಿಸಿತು. ಆಮೇಲೆ ನುಂಗಿದರು.

"ಚೆನ್ನಾಗಿದೆ," ಎಂದರು.

ಮಗ ಅಪ್ಪನ ಮುಖ ನೋಡಿದ. ವಕೀಲಮ್ಮ ಅಮ್ಮನ ಮುಖ ನೋಡಿದಳು. ಉಪ್ಪು ತಿಂದವರು ನೀರು ಕುಡಿಯಲೇಬೇಕು; ನೀರಿನ ಜಗ್ಗು ಮೇಜನ್ನು ಒಂದು ಸುತ್ತು ಹಾಕಿ, ಖಾಲಿಯಾಗಿ, ಮತ್ತೆ ತುಂಬಿ ಬಂತು. "ಎಷ್ಟು ನೀರು ಕುಡೀತೀರಪ್ಪಾ ಎಲ್ರೂ," ಎಂದರು ಅತ್ತೆ. "ಒಳ್ಳೇದೇ ಬಿಡಿ. ಇದೂ ನಿಯಮಾನಾ?"

ಆ ವಾರವಿಡೀ ಹಾಗೇ ನಡೆಯಿತು. ಸೊಸೆ ಮುಂಚೆ ಬರಲು ನೋಡಿದಳು, ಬಸ್ಸು ಬಿಡಲಿಲ್ಲ. ಉಪ್ಪಿನ ಡಬ್ಬಿಯನ್ನೇ ಎತ್ತಿ ಅಲಮಾರಿಯ ಮೇಲಿಟ್ಟಳು. ಅತ್ತೆ ಹೊಸದೊಂದು ಪೊಟ್ಟಣ ತರಿಸಿದರು, "ಇದಾದ್ರೂ ಅಸಲಿ ಇರುತ್ತೇನೋ" ಎಂದು. ಗಂಡನಿಗೆ ಹೇಳಿದಳು, "ರೀ, ನಿಮ್ಮಪ್ಪನಿಗೆ ಒಂದು ಮಾತು ಹೇಳಿ. ಹಿಂಗೇ ತಿಂದ್ರೆ ಏನಾದ್ರೂ ಆಗುತ್ತೆ." ಅವನು ತಲೆ ಕೆರೆದುಕೊಂಡು, "ಅದು ಅಮ್ಮನ ಲೇನ್ ಅಲ್ವಾ" ಎಂದ. ಮೆಷಿನ್ನಿಗೆ ಬಿಳಿ ಅಂಗಿಗಳ ಜೊತೆ ಕೆಂಪು ಟವೆಲು ಹಾಕಿ ಎಲ್ಲವನ್ನೂ ಗುಲಾಬಿ ಮಾಡಿದ್ದ ಮನುಷ್ಯ. ಅವನ ಕೈಲಿ ಇನ್ನೊಂದು ಬಣ್ಣಗೇಡು ಮಾಡಿಸುವುದು ಅವಳಿಗೂ ಬೇಡವಾಯಿತು.

ಮೂರನೆಯ ವಾರ ಮೇಷ್ಟ್ರು ಸಾರಿದ ನಿಯಮ: ದಿನಕ್ಕೊಂದು ನಿಜ. ಊಟಕ್ಕೆ ಕೂತಾಗ ಸರದಿಯ ಮೇಲೆ ಒಬ್ಬೊಬ್ಬರು ಇಷ್ಟು ದಿನ ಬಚ್ಚಿಟ್ಟ ಒಂದು ನಿಜ ಹೇಳಬೇಕು. ಕೇಳಿದವರು ಸಿಟ್ಟು ಮಾಡಬಾರದು.

"ಕಾರು ಯಾಕೆ ಕೆಡುತ್ತೆ? ಸಣ್ಣ ಸದ್ದನ್ನ ಕೇಳಿಯೂ ಕೇಳದ ಹಾಗೆ ಇರೋದ್ರಿಂದ," ಎಂದರು, ಅತ್ತೆಯ ಸಾರನ್ನು ಕೇಳಿಯೂ ಕೇಳದ ಹಾಗೆ ಉಣ್ಣುತ್ತ.

ಮೊದಲ ಸರದಿ ವಕೀಲಮ್ಮನದು. "ತಾತ ಗೊರಕೆ ಹೊಡಿಯೋದನ್ನ ನಾನು ರೆಕಾರ್ಡ್ ಮಾಡಿ ಫ್ರೆಂಡ್ಸ್‌ಗೆಲ್ಲ ಕಳಿಸಿದೀನಿ."

"ಕತ್ತೆ! ನಿನಗೆ—"

"ತಾತ, ಸಿಟ್ಟು ಮಾಡಂಗಿಲ್ಲ. ನಿಯಮ."

ಮರುದಿನ ಅವಳಪ್ಪನ ಸರದಿ. ಬಹಳ ಹೊತ್ತು ಅನ್ನ ಕಲಸಿ ಹೇಳಿದ: "ಭಾನುವಾರ ಡ್ಯೂಟಿ ಅಂತ ಹೋಗ್ತೀನಲ್ಲ, ಅದರಲ್ಲಿ ಅರ್ಧ ದಿನ ಡ್ಯೂಟಿ ಇರಲ್ಲ. ಲಿಫ್ಟ್ ಮೇಲಿನ ಮೋಟಾರ್ ರೂಮಲ್ಲಿ ಚಾಪೆ ಹಾಸ್ಕೊಂಡು ಮಲಗ್ತೀನಿ."

ಸೊಸೆಯ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. "ಮಲಗ್ತೀರಾ? ನಾನು ಇಲ್ಲಿ ಭಾನುವಾರ ಒಂದೇ ದಿನ ಅಂತ ಮನೆಯೆಲ್ಲ ತೊಳೀತಿದ್ರೆ?"

"ಸಿಟ್ಟು ಮಾಡಂಗಿಲ್ಲ ಅಂತ—"

"ನಾನು ಸಿಟ್ಟು ಮಾಡ್ತಿಲ್ಲ. ಕೇಳ್ತಿದೀನಿ ಅಷ್ಟೇ. ಆ ಚಾಪೆ ಒಬ್ಬರಿಗೆ ಸಾಕಾಗೋದಾ, ಇಬ್ಬರಿಗಾ?"

ಮೇಷ್ಟ್ರು ಕೆಮ್ಮಿ, "ನಿಜ ಹೊರಗೆ ಬರ್ತಿದೆ, ಒಳ್ಳೇದೇ," ಎಂದರು. ಮಗ ಆ ಭಾನುವಾರ ಮನೆಯಲ್ಲೇ ಉಳಿದು, ಎಲ್ಲಿ ನಿಂತರೂ ಯಾರಿಗಾದರೂ ಅಡ್ಡವಾಗುತ್ತ ದಿನ ಕಳೆದ.

ಸೊಸೆಯ ಸರದಿ ಬಂದಾಗ ಅವಳು ಆಫೀಸಿನ ನಿಜ ಹೇಳಿ ತಪ್ಪಿಸಿಕೊಂಡಳು. ಪೈಪಿನ ಹತ್ತಿರ ಹುಡುಗರೇ ಇರುವುದಿಲ್ಲ ಎಂದಳು. ಅದೇನು ನಿಜ, ಊರಿಗೇ ಗೊತ್ತು ಎಂದರು ಎಲ್ಲರೂ.

ಆದರೆ ಬಾಯಿಯ ಲಗಾಮು ಒಮ್ಮೆ ಸಡಿಲವಾದರೆ ಎಲ್ಲಿ ಜಾರುತ್ತದೆಂದು ಹೇಳಲಾಗುವುದಿಲ್ಲ. ಮರುದಿನ ಆಫೀಸಿನಲ್ಲಿ ಒಬ್ಬ ಅಜ್ಜಿ ಫೋನು ಮಾಡಿ ನಲ್ಲಿಯಲ್ಲಿ ಹನಿ ನೀರಿಲ್ಲ, ಕೊಡಪಾನವೆಲ್ಲ ಖಾಲಿ ಎಂದಾಗ ಅವಳ ಬಾಯಿಂದ, "ಇವತ್ತು ಬರಲ್ಲ ಅಮ್ಮ. ನಾಳೆನೂ ಬರಲ್ಲ. ಪೈಪ್ ಒಡೆದಿದೆ, ಸಾಮಾನು ಬಂದಿಲ್ಲ," ಎಂದು ಬಂದುಬಿಟ್ಟಿತು. ಇನ್ನು ಬೈಗುಳ ಬರುತ್ತದೆಂದು ಅವಳು ಫೋನನ್ನು ಕಿವಿಯಿಂದ ಅಷ್ಟು ದೂರ ಹಿಡಿದಳು.

"ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ ತಾಯಿ?" ಎಂದಿತು ಆ ಧ್ವನಿ. "ಮೊದಲೇ ಹೇಳಿದ್ರೆ ತಂಗಿ ಮನೆಗೆ ಹೋಗಿರ್ತಿದ್ನಲ್ಲ. ಬರುತ್ತೆ ಬರುತ್ತೆ ಅಂತ ನಲ್ಲಿ ಮುಂದೇನೇ ಕೂತಿದ್ದೆ."

ಸೂಪರ್‌ವೈಸರ್ ಅವಳನ್ನು ಕರೆದು ಚೆನ್ನಾಗಿ ಉಗಿದ. ಅವಳು ತಲೆತಗ್ಗಿಸಿ ನಿಂತಿದ್ದಳು. ಕಿವಿಯಲ್ಲಿ ಉಳಿದದ್ದು ಮಾತ್ರ ಅವನ ಬೈಗುಳವಲ್ಲ.

ಅದೇ ಹೊತ್ತಿಗೆ ಮೇಷ್ಟ್ರ ಬೂಟು ಚಿಕ್ಕದಾಯಿತು. ಬೆಳಗ್ಗೆ ತಾರಸಿಗೆ ಹತ್ತುವ ಮೊದಲು ಎಷ್ಟು ತುರುಕಿದರೂ ಪಾದ ಒಳಗೆ ಹೋಗಲಿಲ್ಲ. "ಈಗಿನ ಚರ್ಮ ಸರಿಯಿಲ್ಲ, ಕುಗ್ಗಿದೆ," ಎಂದರು. ಉಪ್ಪಿನಲ್ಲಿ ಉಪ್ಪಿಲ್ಲ ಎನ್ನುವ ಹೆಂಡತಿ, ಬೂಟಿನಲ್ಲಿ ಬೂಟಿಲ್ಲ ಎನ್ನುವ ಗಂಡ. ಗಂಡಹೆಂಡಿರ ಗ್ರಹಚಾರಕ್ಕೆಲ್ಲ ಅಂಗಡಿಯವರೇ ಹೊಣೆ. ಚಪ್ಪಲಿ ಹಾಕಿಕೊಂಡೇ ಹೊರಟು, ಮೆಟ್ಟಿಲ ಮಧ್ಯೆ ತಲೆ ತಿರುಗಿ ಕಂಬಿ ಹಿಡಿದು ಕೂತುಬಿಟ್ಟರು.

ಕ್ಲಿನಿಕ್ಕಿನಲ್ಲಿ ಡಾಕ್ಟರು ಪಾದದ ಮೇಲೆ ಬೆರಳು ಒತ್ತಿದರು. ಗುಳಿ ಬಿದ್ದದ್ದು ಹಾಗೇ ನಿಂತಿತು. ತೋಳಿನ ಪಟ್ಟಿ ಬಿಗಿದು, ನೋಡಿ, ಹುಬ್ಬು ಗಂಟಿಕ್ಕಿದರು.

"ಉಪ್ಪು ಜಾಸ್ತಿ ತಿಂತಿದೀರಾ?"

"ಛೆ ಛೆ, ನಮ್ಮನೇಲಿ ಉಪ್ಪು ಕಮ್ಮಿ ಡಾಕ್ಟ್ರೇ," ಎಂದರು ಅತ್ತೆ, ಕುರ್ಚಿಯ ತುದಿಗೆ ಸರಿದು. "ನಾನೇ ಮಾಡೋದು. ರುಚಿ ನೋಡ್ಕೊಂಡೇ ಹಾಕೋದು."

ಡಾಕ್ಟರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಗೋಡೆಯ ಮೇಲಿನ ಕಣ್ಣಿನ ಪರೀಕ್ಷೆಯ ಚಿತ್ರಪಟ ನೋಡಿದರು. ಸೊಸೆ ತನ್ನ ಬ್ಯಾಗಿನ ಜಿಪ್ಪನ್ನು ಎಳೆದು ಮುಚ್ಚಿದಳು, ತೆಗೆದಳು, ಮುಚ್ಚಿದಳು. "ಬಿಪಿ ಹೀಗೇ ಏರ್ತಾ ಹೋದ್ರೆ ಕಷ್ಟ," ಎಂದು ಡಾಕ್ಟರು ಮಾತ್ರೆ ಬದಲಿಸಿ ಬರೆದರು. "ಮುಂದಿನ ಸಲ ಮೆಟ್ಟಿಲ ಮೇಲೆ ಕೂರೋಕೂ ಬಿಡಲ್ಲ ಅದು, ಬೀಳಿಸುತ್ತೆ."

ಆ ಸಂಜೆ ಮೇಷ್ಟ್ರು ಊದಿದ ಕಾಲನ್ನು ಪಕ್ಕದ ಕುರ್ಚಿಯ ಮೇಲಿಟ್ಟುಕೊಂಡು ಊಟಕ್ಕೆ ಕೂತರು. ಅನ್ನದ ಮೇಲೆ ಸಾರು ಬಿತ್ತು. "ಇವತ್ತಿನ ನಿಜ ಯಾರದ್ದು?" ಎಂದರು. ಧ್ವನಿಯಲ್ಲಿ ಮೊದಲಿನ ಹುರುಪಿರಲಿಲ್ಲ.

"ನನ್ನದು," ಎಂದಳು ಸೊಸೆ. "ಮಾವ, ಆ ಸಾರು ತಿನ್ನಬೇಡಿ."

"ಯಾಕೆ? ಏನು ಬಿದ್ದಿದೆ ಅದರಲ್ಲಿ?" ಎಂದರು ಅತ್ತೆ.

"ಉಪ್ಪು. ಜಾಸ್ತಿ ಇದೆ ಅತ್ತೆ. ಇವತ್ತು ಅಂತಲ್ಲ, ಆ ಜ್ವರ ಬಂದು ಹೋಯ್ತಲ್ಲ, ಆವಾಗಿಂದ. ನಿಮಗೆ ರುಚಿ ಗೊತ್ತಾಗ್ತಿಲ್ಲ."

"ಯಾವಳು ಹೇಳಿದ್ದು? ಉಪ್ಪೇ ಸರಿಯಿಲ್ಲ ಅಂತ ನಾನು ದಿನಾ ಬಡ್ಕೋತಿದೀನಿ—"

"ಉಪ್ಪು ಸರಿಯಾಗೇ ಇದೆ ಅತ್ತೆ."

ಅತ್ತೆ ಮಗನ ಕಡೆ ತಿರುಗಿದರು. "ಏನೋ?"

ಅವನು ಆ ಮನೆಯಲ್ಲಿ ಮೊದಲನೆಯ ಸಲ ಅಮ್ಮನಿಗೆ ಎದುರಾಗಿ ಮಾತು ಎತ್ತಿದ. "ಹೌದಮ್ಮ."

"ಏನೇ?"

"ನಾನು ನೀರು ಬೆರೆಸ್ಕೊಂಡು ತಿಂತೀನಿ ಅಜ್ಜಿ," ಎಂದಳು ವಕೀಲಮ್ಮ, ವಾದ ಹೂಡದೆ.

ಅತ್ತೆ ಗಂಡನ ಕಡೆ ತಿರುಗಿದರು. "ನೀವು?"

"ಚೆನ್ನಾಗಿದೆ," ಎಂದರು ಮೇಷ್ಟ್ರು. ಅಭ್ಯಾಸಬಲ. ಯಾರೂ ನಗಲಿಲ್ಲ.

"ನಿಯಮ ಮಾಡಿದೋರು ನೀವು. ನಿಜ ಹೇಳಿ."

ಮೇಷ್ಟ್ರು ತಟ್ಟೆ ನೋಡಿಕೊಂಡೇ ಹೇಳಿದರು. "ಬಾಯಿಗಿಡೋಕೆ ಆಗ್ತಿಲ್ಲ ಕಣೇ."

"ಮತ್ತೆ ದಿನಾ ಚೆನ್ನಾಗಿದೆ ಅಂದ್ಕೊಂಡು ತಿಂದ್ರಲ್ಲ?"

"ಜೀವಮಾನ ಎಲ್ಲಾ ಇನ್ನೊಬ್ಬರ ತಪ್ಪು ಹೇಳೇ ಸಂಬಳ ತಗೊಂಡೋನು ನಾನು. ಒಂದು ಕಡೆನಾದ್ರೂ ಹೇಳ್ದೆ ಇರೋಣ ಅಂತ."

"ಕಾಲು ಊದ್ಕೊಂಡು?"

ಅತ್ತೆ ತಮ್ಮ ತಟ್ಟೆಯ ಸಾರಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು. ಕಾದರು. ಏನೂ ಬರಲಿಲ್ಲವೆಂದು ಅವರ ಮುಖವೇ ಹೇಳಿತು. ಆಮೇಲೆ ಏನೋ ಲೆಕ್ಕ ತಪ್ಪಿದಂತೆ ಸೊಸೆಯನ್ನು ನೋಡಿದರು.

"ಜ್ವರ ಬಂದಾಗಿಂದ ಅಂದೆ. ಈ ಜಗ್ಗುಗಟ್ಟಲೆ ನೀರು ಶುರುವಾಗಿದ್ದು ಈಗ. ಮಧ್ಯೆ ಹೆಂಗೆ ತಿಂದ್ರಿ ಎಲ್ರೂ?"

ಸೊಸೆ ಹೇಳಿದಳು. ಸಪ್ಪೆ ಬೇಳೆ, ಬಿಸಿನೀರು, ಸಿಂಕು.

"ನನ್ನ ಸಾರು ಸಿಂಕಿಗೆ ಚೆಲ್ಲಿದೆಯಾ? ಎಷ್ಟು ಸಾರಿ?"

"ಸಾರಿ ಅತ್ತೆ."

"ನಾನು ಕೇಳಿದ್ದು ಎಷ್ಟು ಸಾರಿ ಅಂತ. ನ್ಯಾಯವಾಗಿ ಲೆಕ್ಕ ಕೇಳಿದ್ರೆ ಇಂಗ್ಲಿಷಲ್ಲಿ ತಪ್ಪಿಸ್ಕೋಬೇಡ."

"ದಿನಾ," ಎಂದಳು ಸೊಸೆ.

"ದಿನಾ. ನಾನು ಮುಖ ತೊಳ್ಕೊಂಡು ಬರೋ ಅಷ್ಟರಲ್ಲಿ." ಅತ್ತೆ ತಟ್ಟೆಯನ್ನು ದೂರ ಸರಿಸಿದರು. "ಅತ್ತೆ ನೊಂದ್ಕೋತಾಳೆ ಅಂತ ಪ್ರೀತಿಗೆ ಮಾಡ್ದೆ ಅಂತ ಮಾತ್ರ ಹೇಳ್ಬೇಡ ನನ್ ಹತ್ರ."

"ಅದೂ ಸ್ವಲ್ಪ ಇತ್ತು. ಆದ್ರೆ ನಿಜ ಕೇಳಿದ್ರೆ, ನೀವು ಅಡುಗೆಮನೆ ಬಿಟ್ರೆ ಅದೂ ನನ್ನ ತಲೆಗೇ ಬರುತ್ತೆ ಅತ್ತೆ. ನನ್ನ ಕೈಲಿ ಆಗಲ್ಲ. ಅದಕ್ಕೆ ಮಾಡ್ದೆ."

ಅತ್ತೆ ಎದ್ದರು. ಸೌಟನ್ನು ಸೊಸೆಯ ತಟ್ಟೆಯ ಪಕ್ಕ ಇಟ್ಟರು, ಸದ್ದಾಗದ ಹಾಗೆ. "ತಗೋ. ಇನ್ಮೇಲೆ ನಿನ್ನ ಲೇನು."

ಅಲ್ಲಿಂದ ಮುಂದೆ ಮನೆಯಲ್ಲಿ ಉಪ್ಪು ಸರಿಯಾಯಿತು, ಉಳಿದದ್ದೆಲ್ಲ ಸಪ್ಪೆಯಾಯಿತು. ಸೊಸೆ ಬಸ್ಸಿಳಿದು ಬಂದವಳು ಕೈಕಾಲು ತೊಳೆದು ಒಲೆಯ ಮುಂದೆ ನಿಲ್ಲುವಳು. ಅವಳು ಹಿಂದೆ ಕಣ್ಣ ಮುಂದೆ ಕಂಡಿದ್ದ ಬೆನ್ನು ಈಗ ಬೆನ್ನಲ್ಲೇ ಇತ್ತು. ಗಂಡ ಈರುಳ್ಳಿ ಹೆಚ್ಚಿಕೊಡಲು ಬಂದು ಬೆರಳು ಹೆಚ್ಚಿಕೊಂಡ. ವಕೀಲಮ್ಮ ಬಡಿಸುವ ಕೆಲಸ ವಹಿಸಿಕೊಂಡು ಮೊದಲು ತನಗೇ ಬಡಿಸಿಕೊಂಡಳು. ಮೇಷ್ಟ್ರ ಕಾಲಿನ ಬಾವು ಇಳಿಯಿತು, ಬೂಟು ಮತ್ತೆ ದೊಡ್ಡದಾಯಿತು. ಆದರೆ ನಾಲ್ಕನೆಯ ವಾರದ ನಿಯಮವನ್ನು ಅವರು ಸಾರಲಿಲ್ಲ. ತಾರಸಿಗೆ ಕರೆಯುವುದನ್ನೂ ಬಿಟ್ಟರು. ಅತ್ತೆ ಸಂಜೆಯಿಡೀ ಟೀವಿಯ ಮುಂದೆ ಕೂರುತ್ತಿದ್ದರು. ಸೌಂಡ್ ಕಮ್ಮಿ ಇಟ್ಟುಕೊಂಡು.

ಅದನ್ನು ನೋಡಿದಾಗಲೆಲ್ಲ ಮೇಷ್ಟ್ರು ರಿಮೋಟು ತೆಗೆದುಕೊಂಡು ಸೌಂಡು ಜಾಸ್ತಿ ಮಾಡುವರು. ಅತ್ತೆ ಮತ್ತೆ ಕಡಿಮೆ ಮಾಡುವರು.

"ಏನಾದ್ರೂ ಮಾತಾಡೇ," ಎಂದರು ಒಂದು ದಿನ.

"ನಿಜಾನೇ ಮಾತಾಡ್ಬೇಕಾ, ಯಾವುದಾದ್ರೂ ನಡೆಯುತ್ತಾ?"

ಮೇಷ್ಟ್ರು ಎದ್ದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಈ ಸಲ ಕುರ್ಚಿಯಿರಲಿಲ್ಲ. "ಅವಳು ಅಲ್ಲೇ ಕೂತು ಹೋಗ್ಬಿಡ್ತಾಳೆ ಕಣಮ್ಮ," ಎಂದರು ಮೆಲ್ಲಗೆ. ಸೊಸೆ ಕುಕ್ಕರಿನ ಮುಚ್ಚಳದ ಜೊತೆ ಗುದ್ದಾಡುತ್ತಿದ್ದಳು. "ನಾನು ಏನ್ಮಾಡ್ಲಿ ಮಾವ? ನಂಗೆ ಕೂರೋಕೂ ಹೊತ್ತಿಲ್ಲ," ಎಂದಳು.

ಆ ಸಂಜೆ ಎಲ್ಲರೂ ಉಣ್ಣುತ್ತಿದ್ದಾಗ ಅತ್ತೆ ತುತ್ತನ್ನು ಬಾಯಲ್ಲಿ ಅತ್ತಿತ್ತ ಹೊರಳಿಸಿ ನಿಲ್ಲಿಸಿದರು.

"ರುಚಿ ನಂಗೆ ಗೊತ್ತಾಗಲ್ಲಪ್ಪ. ಆದ್ರೆ ಬೇಳೆ ಬೆಂದಿಲ್ಲ."

ಮೇಷ್ಟ್ರ ಬಲಗಾಲು ಬ್ರೇಕು ಒತ್ತಿತು. ತಡವಾಗಿತ್ತು. ಸೊಸೆಯ ಕೈಯಿಂದ ಚಮಚ ತಟ್ಟೆಗೆ ಬಿದ್ದಿತ್ತು.

"ಬೆಂದಿಲ್ಲ! ಹೌದು, ಬೆಂದಿಲ್ಲ. ನಾನು ಬೆಂದಿದೀನಿ, ಅದು ಬೇಯೋವರೆಗೂ ನಿಲ್ಲೋಕೆ ಆಗ್ಲಿಲ್ಲ ನನ್ನ ಕೈಲಿ. ಬೆಳಗ್ಗಿಂದ ಊರವರದ್ದೆಲ್ಲ ಕೇಳಿ ಬಂದಿದೀನಿ. ಇಲ್ಲೂ ಕೇಳ್ಬೇಕಾ? ಅಷ್ಟು ಗೊತ್ತಾಗೋದಾದ್ರೆ ನೀವೇ ಬೇಯಿಸಿ!"

"ಬೇಯಿಸೋಕೇನು? ಬೇಳೆ ಬೆಂದಿದ್ದು ನಂಗೆ ಕೈಲಿ ಹಿಸುಕಿದ್ರೆ ಗೊತ್ತಾಗುತ್ತೆ. ಅದಕ್ಕೆ ನಾಲಿಗೆ ಬೇಕಾ?"

"ಮತ್ತೆ ಬೇಯಿಸಿ!"

"ಉಪ್ಪು?"

"ಉಪ್ಪು ನಾನು ಬಂದು ಹಾಕ್ತೀನಿ!"

ಜಗಳದ ಧ್ವನಿಯಲ್ಲೇ ಹೊರಟ ಮಾತು ಎಲ್ಲಿಗೋ ಹೋಗಿ ತಲುಪಿದೆಯೆಂದು ಇಬ್ಬರಿಗೂ ಒಟ್ಟಿಗೆ ಗೊತ್ತಾಯಿತು. ಅತ್ತೆ ಬಾಯಲ್ಲಿದ್ದ ಬೇಯದ ಬೇಳೆಯನ್ನು ಅಗಿದು ನುಂಗಿದರು.

"ಹಾಕೋದಾದ್ರೆ ನನ್ನ ಎದುರಿಗೆ ಹಾಕು," ಎಂದರು. "ಹಿಂದೆ ಮುಂದೆ ನೋಡ್ಕೊಂಡು ಕಳ್ಳಿ ಥರ ಹಾಕ್ಬೇಡ. ಮತ್ತೆ ಒಂದು ಹನಿ ಚೆಲ್ಲಂಗಿಲ್ಲ."

"ಚೆಲ್ಲಲ್ಲ."

"ತಾತ, ಇದು ಲೇನ್ ತಪ್ಪಿದ ಹಾಗಲ್ವಾ?" ಎಂದಳು ವಕೀಲಮ್ಮ.

"ಸುಮ್ನೆ ಊಟ ಮಾಡೇ," ಎಂದರು ಮೇಷ್ಟ್ರು.

ಮರುದಿನ ಸೊಸೆ ಬಂದಾಗ ಕತ್ತಲಾಗುತ್ತಿತ್ತು. ಬಸ್ಸಿನಲ್ಲಿ ಸೀಟು ಸಿಕ್ಕಿರಲಿಲ್ಲ. ಇನ್ನೆಲ್ಲೋ ಪೈಪು ಒಡೆದಿತ್ತು, ಕಿವಿ ಇನ್ನೂ ಗುಯ್ಯೆನ್ನುತ್ತಿತ್ತು. ಬ್ಯಾಗು ಹೆಗಲ ಮೇಲಿದ್ದಂತೆಯೇ ಅಡುಗೆಮನೆಗೆ ಹೋದಳು. ಒಳಗೆ ಮೇಷ್ಟ್ರು ನೆಲದ ಮೇಲೆ ಕಾಲು ಚಾಚಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಒಂದೊಂದು ಎಸಳನ್ನೂ ಪರೀಕ್ಷೆಗೆ ಕೂತವರ ಹಾಗೆ ತಿರುಗಿಸಿ ನೋಡುತ್ತ, ಇಷ್ಟು ಹೊತ್ತಿಗೆ ಒಂದು ಗಡ್ಡೆ ಮುಗಿಸಿದ್ದರು.

"ಈ ವಾರದ ನಿಯಮ ಏನು ಮಾವ?"

"ನಿಮ್ಮತ್ತೇನ ಕೇಳ್ದೆ. ಬೆಳ್ಳುಳ್ಳಿ ಬಿಡ್ಸಿ ಅಂದ್ಲು."

ಒಲೆಯ ಮೇಲೆ ಉಪ್ಪಿಲ್ಲದ ಸಾರು ಕುದಿಯುತ್ತಿತ್ತು. ಅತ್ತೆ ಉಪ್ಪಿನ ಡಬ್ಬಿಯನ್ನು ಒಲೆಯ ಪಕ್ಕಕ್ಕೆ ಸರಿಸಿ, ಕೈ ಕಟ್ಟಿ ನಿಂತರು. ಸೊಸೆ ಒಂದು ಚಮಚ ಹಾಕಿ ಕಲಕಿ, ನಿಂತಲ್ಲೇ ಸೌಟನ್ನು ಬಾಯಿಯ ಹತ್ತಿರ ತಂದಳು. ಇನ್ನೊಂದು ಕೈಯಿಂದ ಒಲೆಕಟ್ಟೆಯ ಅಂಚು ಹಿಡಿದುಕೊಂಡಿದ್ದಳು. ಅತ್ತೆ ಅವಳ ಕೈಯನ್ನು ತಡೆದು, ಕಟ್ಟೆಯ ಕೆಳಗಿದ್ದ ಸ್ಟೂಲನ್ನು ಕಾಲಿನಿಂದ ಎಳೆದು ಅವಳ ಹಿಂದಕ್ಕೆ ತಳ್ಳಿದರು.

"ನಿಂತ್ಕೊಂಡು ನೋಡಿದ್ರೆ ಉಪ್ಪು ಗೊತ್ತಾಗಲ್ಲ. ಕೂತ್ಕೊಂಡು ನೋಡ್ಬೇಕು," ಎಂದರು.

"ಹಂಗೇನಿಲ್ಲ ಅತ್ತೆ."

"ಹಂಗೇ. ನಮ್ಮಮ್ಮ ಹೇಳ್ತಿದ್ರು."

ಮೇಷ್ಟ್ರು ಬೆಳ್ಳುಳ್ಳಿಯಿಂದ ತಲೆಯೆತ್ತಿ ನೋಡಿ, ಇನ್ನೊಂದು ಎಸಳು ಕೈಗೆತ್ತಿಕೊಂಡರು. ಸೊಸೆಗೆ ಸುಳ್ಳು ಹೇಳುವವರ ಧ್ವನಿ ಗೊತ್ತು. ಅವಳದು ಅದೇ ಉದ್ಯೋಗ. ಕೂತಳು.